ಗೋದಾಮಿನ ರೌಟರಿಗೆ ಕರೇ ಪರದೆಯಿಂದ ಹೊಸ ವಿಳಾಸ

ನಮ್ಮ ಕಾಕಾಂದು ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿ. ಸೋಮವಾರ, ಗುರುವಾರ ಟೆಂಡರ್ ಹೊತ್ತಿಗೆ ನೆಟ್ ಹೋತಂದ್ರ ಬ್ಯಾಡಗಿ ಕಾಯಿಯಂಥ ಕಾಕಾ ಗುಂಟೂರು ಕಾಯಿ ಆಗ್ತಾನ. ಫೈಬರ್‌ನವರು ಗ್ವಾಡಿಗೆ ಹೊಡದು ಹೋದ ಮೋಡೆಮ್ಮಿನ ವೈಫೈ ಹಿಂದಿನ ಗೋದಾಮಿಗೆ ಮುಟ್ಟತಿರಲಿಲ್ಲ. ಅದಕ್ಕ ಓಪನ್‌ಡಬ್ಲ್ಯುಆರ್‌ಟಿ (ರೌಟರ್ ನಡಸೋ ತಂತ್ರಾಂಶ) ಹಾಕಿದ್ದ ಹಳೇ ರೌಟರ್ ಒಂದನ್ನ ತಂದು ಹಚ್ಚಿದೆ. ನೆಟ್ ಬರಲಿಲ್ಲ. ಮೋಡೆಮ್ಮಿನ ವಿಳಾಸ 192.168.1.1, ರೌಟರಿಂದೂ ಅದ. ಎರಡು ರಾಶಿಗೆ ಒಂದ ಲಾಟ್ ಚೀಟಿ ಹಚ್ಚಿದಂಗ. ಯಾವ ಮಾಲು ಒಳಗಿಂದು, ಯಾವುದು ಹೊರಗಿಂದು ಅಂತ ರೌಟರಿಗೇ ತಿಳೀಲಿಲ್ಲ.

ಮೊದಲ ಮೋಡೆಮ್ಮಿನ ವೈರ್ ಕಿತ್ತು ಬಾಜೂಕ ಇಡ್ರಿ. ಲ್ಯಾಪ್‌ಟಾಪಿನಿಂದ ರೌಟರಿನ ಲ್ಯಾನ್ (ಒಳಗಿನ ನೆಟ್) ತೂತಿಗೆ ವೈರ್ ಹಚ್ಚರಿ. ವೈಫೈ ಮ್ಯಾಲ ಈ ಕೆಲಸ ಬ್ಯಾಡ, ಅರ್ಧಕ್ಕ ಕಡೀತೈತಿ. ಲ್ಯಾಪ್‌ಟಾಪಿನ್ಯಾಗ ಕರೇ ಪರದೆ, ಅಂದ್ರ ಆಜ್ಞೆ ಹೊಡಿಯೋ ಕಮಾಂಡ್ ಪ್ರಾಂಪ್ಟ್ ಕಿಟಕಿ ತಗೀರಿ. ಅದರಿಂದ ರೌಟರಿನ ಒಳಗ ಹೋಗಾಕ ಬೇಕಾದ ಎಸ್‌ಎಸ್‌ಎಚ್ ವಿಂಡೋಸ್ 10ರಾಗ 2018ರಿಂದ ಒಳಗ ಐತಿ. ಹಳೇ ವಿಂಡೋಸ್ ಇದ್ರ ಅದ ಕೆಲಸ ಮಾಡೋ ಪುಟ್ಟಿ ಅನ್ನೋ ತಂತ್ರಾಂಶ ಹಾಕ್ಕೋರಿ. ಆಜ್ಞೆಗಳನ್ನ ಇಲ್ಲಿ ಕನ್ನಡದಾಗ ಬರದೇನಿ, ನೀವು ಇಂಗ್ಲಿಷ್ ಸಣ್ಣಕ್ಷರದಾಗ ಹೊಡೀರಿ.

ಎಸ್‌ಎಸ್‌ಎಚ್ ರೂಟ್@192.168.1.1

ಹೊಸದಾಗಿ ಹಾಕಿದ್ರ ಪಾಸ್‌ವರ್ಡ್ ಇರಂಗಿಲ್ಲ. ಒಳಗ ಹೋದಕೂಡ್ಲೆ ‘ಪಾಸ್‌ಡಬ್ಲ್ಯುಡಿ’ ಹೊಡದು ಒಂದು ಇಡ್ರಿ. ಟೈಪ್ ಮಾಡುವಾಗ ಅಕ್ಷರ ಕಾಣಂಗಿಲ್ಲ, ಕೀಬೋರ್ಡ್ ಕೆಟ್ಟೈತಿ ಅಂತ ಕುಟ್ಟಬ್ಯಾಡ್ರಿ.

ಮುಂದಿಂದು ನಾ ಪೆಟ್ಟು ತಿಂದು ಕಲ್ತದ್ದು. ಬ್ರೌಸರಿನ ಪುಟದಾಗ ವಿಳಾಸ ತಪ್ಪು ಕೊಟ್ರ ಸ್ವಲ್ಪ ಹೊತ್ತು ಕಾದು ಅದು ತಾನ ಹಳೇದಕ್ಕ ಹೋಗ್ತೈತಿ. ಕರೇ ಪರದೆ ಹಂಗಲ್ಲ, ಹೇಳಿದ್ದನ್ನ ಮಾಡಿ ಸುಮ್ನ ಕುಂದರ್ತೈತಿ. ಮೊದಲನೇ ಸಲ ನಾನು ಒಂದು ಚುಕ್ಕಿ ಬಿಟ್ಟು, ಗುರುವಾರ ಮಧ್ಯಾಹ್ನತನಾ ರೌಟರ್ ಹೊರಗ ನಿಂತಿದ್ದೆ. ಅದಕ್ಕ ಮೊದಲ ಸೆಟ್ಟಿಂಗ್ ಕಡತದ ನಕಲು ತಗೀರಿ:

ಸಿಪಿ /ಇಟಿಸಿ/ಕಾನ್ಫಿಗ್/ನೆಟ್‌ವರ್ಕ್ /ರೂಟ್/

ಆಮ್ಯಾಲ ಯುಸಿಐ, ಅಂದ್ರ ರೌಟರಿನ ಸೆಟ್ಟಿಂಗ್ ಬದಲಿಸೋ ಆಜ್ಞೆ:

ಯುಸಿಐ ಸೆಟ್ ನೆಟ್‌ವರ್ಕ್.ಲ್ಯಾನ್.ಐಪಿಎಡಿಡಿಆರ್=192.168.2.1
ಯುಸಿಐ ಚೇಂಜಸ್

ಎರಡನೇದು ಏನೂ ಬದಲಿಸಂಗಿಲ್ಲ, ಇಷ್ಟೊತ್ತನ ಏನು ಬರದ್ರಿ ಅಂತ ಓದಿ ತೋರಸ್ತೈತಿ. ಇನ್ನೂ ಕಚ್ಚಾ ಚೀಟಿ ಅದು. ತಪ್ಪಾಗಿದ್ರ ‘ಯುಸಿಐ ರಿವರ್ಟ್ ನೆಟ್‌ವರ್ಕ್’ ಅಂದ್ರ ಹರದು ಒಗದಂಗ. ಬರೋಬ್ಬರಿ ಇದ್ರ ‘ಯುಸಿಐ ಕಮಿಟ್ ನೆಟ್‌ವರ್ಕ್’, ಆಮ್ಯಾಲ ‘ರೀಬೂಟ್’. ಪರದೆ ಗಟ್ಟಿಯಾಗಿ ನಿಲ್ತೈತಿ, ಸಹಜ. ಲ್ಯಾಪ್‌ಟಾಪಿನ ವೈರ್ ಒಮ್ಮೆ ಕಿತ್ತು ಹಚ್ಚಿ, 192.168.2.1ಕ್ಕ ಒಳಗ ಹೋಗ್ರಿ. ಈಗ ಮೋಡೆಮ್ಮಿನ ವೈರ್ ವ್ಯಾನ್ (ಹೊರಗಿನ ನೆಟ್) ತೂತಿಗೆ ಹಚ್ಚರಿ.

ಪರೀಕ್ಷೆ ಮೂರು ಮೆಟ್ಟಲು. ಮೊದಲ 192.168.1.1ಕ್ಕ ಪಿಂಗ್ (ಇದ್ದೀಯೇನು ಅಂತ ಕೂಗಿ ಉತ್ತರ ಕಾಯೋ ಆಜ್ಞೆ), ಉತ್ತರ ಬಂದ್ರ ಮೋಡೆಮ್ ಸಿಕ್ತು. ಆಮ್ಯಾಲ ಗೂಗಲ್‌ನವರ 8.8.8.8, ಅದು ಬಂದ್ರ ಹೊರಗಿನ ನೆಟ್ ಐತಿ. ಕಡೀಕ ಯಾವುದರೆ ಜಾಲತಾಣದ ಹೆಸರು. ಅಂಕಿಗೆ ಉತ್ತರ ಬಂದು ಹೆಸರಿಗೆ ಬರಲಿಲ್ಲಂದ್ರ ಡಿಎನ್‌ಎಸ್ (ಹೆಸರಿಗೆ ಅಂಕಿ ಹುಡುಕಿ ಕೊಡೋದು) ತಕರಾರು, ವೈರ್ ಅಲ್ಲ.

ವೈಫೈ ಬಗ್ಗೆ ಒಂದ ಮಾತು. ಚೀಲದ ರಾಶಿ ದಾಟಾಕ 2.4 ಗಿಗಾಹರ್ಟ್ಸ್ ಬೇಕು. ಅದರಾಗ ಒಂದಕ್ಕೊಂದು ತಾಗದ ಚಾನೆಲ್ 1, 6, 11 ಮೂರ. ‘ಯುಸಿಐ ಶೋ ವೈರ್‌ಲೆಸ್’ ಹೊಡದು ಯಾವ ರೇಡಿಯೊ 2.4 ಅಂತ ನೋಡ್ಕೋರಿ. ರೇಡಿಯೊ0 ಕೆಲವು ರೌಟರಿನ್ಯಾಗ 5 ಗಿಗಾಹರ್ಟ್ಸ್‌ದೂ ಇರ್ತೈತಿ. ನಾನು ‘ಯುಸಿಐ ಸೆಟ್ ವೈರ್‌ಲೆಸ್.ರೇಡಿಯೊ0.ಚಾನೆಲ್=11’ ಕೊಟ್ಟು, ‘ಯುಸಿಐ ಕಮಿಟ್ ವೈರ್‌ಲೆಸ್’, ‘ವೈಫೈ ರೀಲೋಡ್’ ಮಾಡಿದೆ.

ಇಷ್ಟಾಗಿಯೂ ರೌಟರ್ ಒಳಗ ಬಿಡಲಿಲ್ಲಂದ್ರ ಕರೆಂಟ್ ತಗದು ಹಚ್ಚರಿ. ಏಳುವಾಗ ದೀಪ ಲಗೂಲಗೂ ಮಿಣಕಿದಾಗ ರೀಸೆಟ್ ಗುಂಡಿ ಒತ್ತರಿ, ಫೇಲ್‌ಸೇಫ್‌ಗೆ (ನಿಮ್ಮ ಸೆಟ್ಟಿಂಗ್ ಬಿಟ್ಟು ಏಳೋ ರೀತಿ) ಹೋಗ್ತೈತಿ. ಲ್ಯಾಪ್‌ಟಾಪಿಗೆ ಕೈಯಾರೆ 192.168.1.2 ಕೊಟ್ಟು, 192.168.1.1ಕ್ಕ ಪಾಸ್‌ವರ್ಡ್ ಇಲ್ಲದ ಒಳಗ ಹೋಗಿ, ಕಡತ ಬದಲಿಸಾಕ ಬರೋ ಹಂಗ ‘ಮೌಂಟ್_ರೂಟ್’ ಹೊಡದು, ಮೊದಲ ತಗದಿಟ್ಟ ನಕಲನ್ನ ‘ಸಿಪಿ’ಯಿಂದನ ತಿರುಗಿ ಅದರ ಜಾಗಕ್ಕ ಹಾಕ್ರಿ.

ನಮ್ಮ ರೌಟರ್ ಈಗ ತೊಲಿ ಮ್ಯಾಲ, ಘಾಟು ಹತ್ತದಂಗ ಕುಂತೈತಿ. ಬೆನ್ನಿಗೆ ಒಂದು ಖಾಲಿ ಲಾಟ್ ಚೀಟಿ ಅಂಟಿಸಿ 192.168.2.1 ಅಂತ ಬರದೇನಿ.