ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕೋದು ಹೆಂಗೆ

2023ರಲ್ಲಿ ನಮ್ ರಾಜ್ಯದ 236 ತಾಲೂಕಲ್ಲಿ 223 ಬರ ಅಂತ ಘೋಷಣೆ ಆಗಿತ್ತು, ಅಂಥ ವರ್ಷ ಬರೀ ರಾಗಿ ನಂಬ್ಕೊಂಡೋರಿಗೆ ಕೈಗೆ ಏನ್ ಸಿಗುತ್ತೆ ಹೇಳಿ. ಅದಕ್ಕೇ ನಮ್ ಹಳಬರು ಅಕ್ಕಡಿ, ಅಂದ್ರೆ ರಾಗಿ ಸಾಲುಗಳ ಮಧ್ಯೆ ಬೇರೆ ಬೆಳೆ ಸಾಲು, ಹಾಕ್ತಿದ್ರು.

ಮುಂಗಾರು ಹದ ನೋಡ್ಕೊಂಡು ಕೂರಿಗೇಲಿ (ಸಾಲಾಗಿ ಬೀಜ ಬಿತ್ತೋ ಸಾಧನ) ರಾಗಿ ಬಿಡಿ, ಸಾಲಿಂದ ಸಾಲಿಗೆ ಒಂದಡಿ. ಎಂಟು ಸಾಲು ರಾಗಿ ಆದ್ಮೇಲೆ ಎರಡು ಸಾಲು ತೊಗರಿ, ಅವರೆ ಆದ್ರೆ ಒಂದೇ ಸಾಲು ಸಾಕು. ಕೂರಿಗೆ ಹಿಂದೆ ಸಡ್ಡೆ (ಬೀಜ ಬಿಡೋ ಕೊಳವೆ) ಕಟ್ಕೊಂಡು ಅದರ ಬಾಯಿಗೆ ಒಂದೊಂದೇ ಕಾಳು ಬಿಡ್ತಾ ನಡೀಬೇಕು, ಅವಸರ ಮಾಡಿದ್ರೆ ಒಂದ್ಕಡೆ ಗುಂಪು ಇನ್ನೊಂದ್ಕಡೆ ಖಾಲಿ, ಮೊದಲ ಸಲ ನಂದೂ ಹಂಗೇ ಆಗಿತ್ತು, ಅಕ್ಕಪಕ್ಕದೋರು ಇವತ್ತಿಗೂ ನಗ್ತಾರೆ. ಬದು ಪಕ್ಕ ಒಂದೆರಡು ಸಾಲು ಜೋಳ, ಮಧ್ಯೆ ಸ್ವಲ್ಪ ಹುಚ್ಚೆಳ್ಳು. ಹಳದಿ ಹೂ ಬಿಟ್ರೆ ಜೇನು ತಾನಾಗೇ ಬರುತ್ತೆ.

ಲೆಕ್ಕ ಸಿಂಪಲ್ಲು. ರಾಗಿ ಬೇರು ಮೇಲ್ಗಡೆ, ತೊಗರಿ ಬೇರು ಆಳಕ್ಕೆ ಇಳಿಯುತ್ತೆ, ಹಂಗಾಗಿ ಆಗಸ್ಟಲ್ಲಿ ಮಳೆ ಕೈಕೊಟ್ಟು ರಾಗಿ ಸೊರಗಿದ್ರೂ ತೊಗರಿ ತಡ್ಕೊಂಡು ಹಿಂಗಾರಿಗೆ ಚೇತರಿಸ್ಕೊಳ್ಳುತ್ತೆ. ಅವರೆ ಅಂತೂ ರಾಗಿ ಕುಯ್ದ್ಮೇಲೂ ಇಬ್ಬನೀಲೇ ಕಾಯಿ ಕಟ್ಟುತ್ತೆ.

ಒಂದು ಮಾತ್ರ ನೆನಪಿರ್ಲಿ, ಕಳೆಗೆ ಅಂತ 2,4-ಡಿ ಹೊಡೀಬೇಡಿ, ರಾಗಿ ಉಳಿಯುತ್ತೆ, ಅವರೆ ತೊಗರಿ ಎಲ್ಲಾ ಮುರುಟ್ಕೊಂಡು ಸಾಯುತ್ತೆ. ಅದರ ಬದ್ಲು ಎಡೆಕುಂಟೆ (ಸಾಲುಗಳ ಮಧ್ಯೆ ಕಳೆ ತೆಗೆಯೋ ಸಾಧನ) ಹೊಡೀರಿ. ಕಟಾವಿಗೆ ಮಿಷಿನ್ ಇಳಿಸೋಕಾಗಲ್ಲ, ಕೈಯಲ್ಲೇ ಕುಯ್ಬೇಕು, ಆಳಿನ ಖರ್ಚು ಜಾಸ್ತಿನೇ, ಅದಕ್ಕೆ ನಾವು ನಾಲ್ಕು ಮನೆಯೋರು ಮುಯ್ಯಾಳು ಮಾಡ್ಕೊಂಡಿದ್ದೀವಿ, ಅಂದ್ರೆ ಕೂಲಿ ಇಲ್ದೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿಯೋದು.