ಹಲಸು ತಟ್ಟುವ ಬೆರಳಿಂದಲೇ ಶ್ವಾಸಕೋಶ ಹುಡುಕಿ

ಹಲಸು ಬಲಿತಿದೆಯೇ ಎಂದು ನೋಡಲು ಕೊಡಗಿನ ತೋಟದಲ್ಲಿ ಯಾರೂ ಕತ್ತಿ ಹಾಕುವುದಿಲ್ಲ. ತಟ್ಟಿ, ಸದ್ದು ಕೇಳಿ ಹೇಳುತ್ತಾರೆ. ಎದೆಯೊಳಗಿನ ಶ್ವಾಸಕೋಶವನ್ನೂ ಹಾಗೆಯೇ ಗುರುತಿಸಬಹುದು. ಅದು ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು ಎದೆಯ ಮುಂಭಾಗ ತೋರಿಸುತ್ತಾರೆ. ಅದು ಅರ್ಧ ಉತ್ತರ. ಸ್ವೆಟರ್ ಬಿಚ್ಚಿಟ್ಟು ಕನ್ನಡಿ ಮುಂದೆ ನಿಲ್ಲಿ.

ಮೊದಲು ಕೊರಳು. ಗಂಟಲಮಣಿಯ ಕೆಳಗೆ ಬೆರಳು ಜಾರಿಸಿದರೆ ಬಳೆ ಜೋಡಿಸಿಟ್ಟಂತೆ ಏರುತಗ್ಗು ಸಿಗುತ್ತದೆ. ಅದೇ ಶ್ವಾಸನಾಳ, ಉದ್ದ 10ರಿಂದ 12 ಸೆಂ.ಮೀ. ಈ ಬಳೆಗಳು ಹಿಂಬದಿಯಲ್ಲಿ ಕೂಡಿಕೊಂಡಿಲ್ಲ. ಬೆನ್ನಿಗೇ ಅನ್ನನಾಳವಿದೆ, ತುತ್ತು ಇಳಿಯುವಾಗ ಅದಕ್ಕೆ ಹಿಗ್ಗಲು ಜಾಗ ಬೇಕು.

ಇನ್ನು ಕಾಲರ್ ಮೂಳೆ. ಅದರ ಒಳತುದಿಯ ಹತ್ತಿರ, ಮೂಳೆಗಿಂತ ಮೇಲೆ ಎರಡು ಬೆರಳು ಇಡಿ. ಶ್ವಾಸಕೋಶದ ನೆತ್ತಿ 2–3 ಸೆಂ.ಮೀ. ಇಷ್ಟು ಮೇಲಕ್ಕೆ ಬಂದಿರುತ್ತದೆ.

ಮೂರನೆಯದಾಗಿ, ಎದೆಮೂಳೆಯ ಮೇಲಿನ ಗುಳಿಯಿಂದ ಸುಮಾರು 5 ಸೆಂ.ಮೀ. ಇಳಿದರೆ ಅಡ್ಡಲಾಗಿ ಒಂದು ಏಣು ತಗಲುತ್ತದೆ. ಅದರ ಹಿಂದೆ ಶ್ವಾಸನಾಳ ಎರಡಾಗುತ್ತದೆ. ಬಲಗವಲು ಗಿಡ್ಡ, ಅಗಲ, ಹೆಚ್ಚು ನೆಟ್ಟಗೆ. ಎಡಗವಲು ಓರೆ. ಇದನ್ನು ಪ್ರತಿ ಮನೆಯವರೂ ತಿಳಿದಿರಬೇಕೆಂಬುದು ನನ್ನ ಕಳಕಳಿ. ನಮ್ಮ ಸುಗ್ಗಿಹಬ್ಬ ಪುತ್ತರಿ ಕಳೆದ ಮೇಲೆ ಕಣದ ತುಂಬ ಕಾಫಿ, ಅದರ ಬೆನ್ನಿಗೇ ಒಳ್ಳೆಮೆಣಸು. ಅಲ್ಲೇ ಪುಟ್ಟ ಮಕ್ಕಳು. ಬಾಯಿಗೆ ಹಾಕಿಕೊಂಡ ಕಾಳು ದಾರಿ ತಪ್ಪಿದರೆ ಬಲಕ್ಕೆ ಇಳಿಯುವುದೇ ಹೆಚ್ಚು. ಮಗು ಒಮ್ಮೆಲೇ ಉಸಿರುಗಟ್ಟಿ ಕೆಮ್ಮಿ, ಆಮೇಲೆ ಸುಮ್ಮನಾದರೆ ಸರಿಹೋಯಿತೆಂದು ಬಿಡಬೇಡಿ. ಕಾಳು ಒಳಗೇ ಕೂತು ದಿನಗಳ ನಂತರ ಕೆಮ್ಮು, ಜ್ವರ ತರಬಹುದು. ಅಂದೇ ವೈದ್ಯರಿಗೆ ತೋರಿಸಿ.

ಈಗ ತಟ್ಟುವ ಕೆಲಸ. ಎಡಗೈ ನಡುಬೆರಳನ್ನು ಬಲ ಎದೆಯ ಪಕ್ಕೆಲುಬುಗಳ ನಡುವೆ ಒತ್ತಿ ಇಟ್ಟು, ಬಲಗೈ ನಡುಬೆರಳ ತುದಿಯಿಂದ ಅದರ ಗಿಣ್ಣಿನ ಮೇಲೆ ತಟ್ಟಿ. ಮೊಣಕೈ ಅಲ್ಲ, ಮಣಿಕಟ್ಟು ಆಡಬೇಕು. ಟೊಳ್ಳು ಸದ್ದು ಬಂದರೆ ಕೆಳಗೆ ಗಾಳಿ ತುಂಬಿದ ಶ್ವಾಸಕೋಶ. ತಟ್ಟುತ್ತ ಇಳಿಯಿರಿ, 6ನೇ ಪಕ್ಕೆಲುಬಿನ ಆಸುಪಾಸಿನಲ್ಲಿ ಸದ್ದು ಮಂದವಾಗುತ್ತದೆ. ಅಲ್ಲಿ ವಪೆ, ಅಂದರೆ ಎದೆ ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ. ಅದರಡಿಯಲ್ಲಿ ಲಿವರ್. ಎಡಗಡೆ ಎದೆಮೂಳೆಯ ಪಕ್ಕದಲ್ಲಿ ಇನ್ನೂ ಮೇಲೆಯೇ ಮಂದವಾದರೆ ಅದು ಹೃದಯ. ಅದಕ್ಕೆ ಜಾಗ ಬಿಟ್ಟುಕೊಟ್ಟ ಎಡ ಶ್ವಾಸಕೋಶ ಚಿಕ್ಕದು, ಅದರ ಹಾಲೆ (ಸೀಳಿನಿಂದ ಬೇರ್ಪಟ್ಟ ಭಾಗ) ಎರಡೇ, ಬಲದ್ದಕ್ಕೆ ಮೂರು. ಎದೆ ತಟ್ಟಿ ರೋಗ ಗುರುತಿಸುವ ಈ ವಿದ್ಯೆಯನ್ನು 1761ರಲ್ಲಿ ಪ್ರಕಟಿಸಿದವರು ಆಸ್ಟ್ರಿಯಾದ ವೈದ್ಯ ಲಿಯೊಪೋಲ್ಡ್ ಔಯೆನ್‌ಬ್ರುಗರ್. ತಂದೆಯ ಛತ್ರದಲ್ಲಿ ಪೀಪಾಯಿ ತಟ್ಟಿ ಮದ್ಯದ ಮಟ್ಟ ತಿಳಿಯುವುದನ್ನು ನೋಡಿ ಕಲಿತರಂತೆ.

ಕೊನೆಗೆ ಬೆನ್ನು. ಇದಕ್ಕೆ ಜೊತೆಗೊಬ್ಬರು ಬೇಕು. ಬಲಗೈಯನ್ನು ತಲೆಯ ಮೇಲಿಟ್ಟಾಗ ಹೆಗಲ ಹಲಗೆಯ ಒಳ ಅಂಚು ಓರೆಯಾಗುತ್ತದೆ. ಹಾಲೆಗಳನ್ನು ಬೇರ್ಪಡಿಸುವ ಸೀಳು ಸುಮಾರಾಗಿ ಅದೇ ಗೆರೆಯಲ್ಲಿದೆ. ಅಲ್ಲಿಂದ 10ನೇ ಪಕ್ಕೆಲುಬಿನವರೆಗೆ ಬೆನ್ನಿನುದ್ದಕ್ಕೂ ಕೆಳಹಾಲೆ. ವೈದ್ಯರು ಬೆನ್ನಿಗೂ ಸ್ಟೆತಸ್ಕೋಪ್ ಇಡುವುದು ಇದಕ್ಕೇ. ಅಲ್ಲಿ ತಟ್ಟಿಸಿಕೊಂಡು, ಸದ್ದು ಮಂದವಾದ ಕಡೆ ಪೆನ್ನಿನಿಂದ ಗುರುತು ಹಾಕಿಸಿ. ನಂತರ ಉದ್ದಕ್ಕೆ ಉಸಿರೆಳೆದು ಹಿಡಿದುಕೊಳ್ಳಿ, ಮತ್ತೆ ತಟ್ಟಲಿ. ಗುರುತಿನ ಕೆಳಗೂ ಈಗ ಟೊಳ್ಳು ಸದ್ದು: ವಪೆ ತಗ್ಗಿದೆ, ಶ್ವಾಸಕೋಶ ಅಲ್ಲಿಗೂ ಇಳಿದಿದೆ.