ಕತ್ತಲಲ್ಲಿ ಸೈಕಲ್: ಮೊದಲು ಹಿಂದಿನ ದೀಪ

ಸೈಕಲ್ಲಿಗೆ ದೀಪ ಹಾಕಿಸಲು ಹೊರಟವರು ಸಾಮಾನ್ಯವಾಗಿ ಹ್ಯಾಂಡಲ್‌ಗೆ ಹಾಕಿಸಿಕೊಂಡು ಬರುತ್ತಾರೆ. ಕೈಯಲ್ಲಿರುವ ದುಡ್ಡು ಒಂದೇ ದೀಪಕ್ಕೆ ಸಾಲುವಂತಿದ್ದರೆ ಅದನ್ನು ಹಿಂದಕ್ಕೆ ಹಾಕಿಸಿ. ಎದುರಿನ ಗುಂಡಿ ಕಾಣದಿದ್ದರೆ ಮೊಣಕಾಲು ತರಚೀತು. ಹಿಂದಿನಿಂದ ಬರುವ ಲಾರಿಗೆ ನೀವೇ ಕಾಣದಿದ್ದರೆ ಅಷ್ಟಕ್ಕೆ ಮುಗಿಯುವುದಿಲ್ಲ.

ಕಲಬುರಗಿಯಲ್ಲಿ ರಾತ್ರಿ ಸೈಕಲ್ ತುಳಿಯುವವರಲ್ಲಿ ಶೋಕಿಗೆ ತುಳಿಯುವವರು ಕಡಿಮೆ. ದಾಲ್‌ಮಿಲ್‌ನ ಪಾಳಿ ಮುಗಿಸಿದ ಹಮಾಲರು, ಹೋಟೆಲ್ ಬಾಗಿಲು ಹಾಕಿ ಹೊರಡುವ ಹುಡುಗರು, ಕಾವಲುಗಾರರು, ನಸುಕಿನಲ್ಲಿ ಈ ಪುರವಣಿಯನ್ನು ನಿಮ್ಮ ಬಾಗಿಲಿಗೆ ಹಾಕುವವರು. ಊರೊಳಗೆ ಬೀದಿದೀಪದ ಆಸರೆಯಾದರೂ ಇದೆ. ರಿಂಗ್ ರಸ್ತೆ ದಾಟಿ ಹುಮನಾಬಾದ್ ಕಡೆಗೋ ಜೇವರ್ಗಿ ಕಡೆಗೋ ಹೊರಟರೆ ರಾಷ್ಟ್ರೀಯ ಹೆದ್ದಾರಿ 50. ಅಲ್ಲಿ ಬಹುತೇಕ ದೂರ ವಾಹನಗಳ ಬೆಳಕೇ ಗತಿ.

ಗಂಟೆಗೆ 60 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಬರುತ್ತದೆ. ಚಾಲಕನಿಗೆ ನೀವು ಕಂಡು, ಅವನ ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡ್ ಹಿಡಿದರೆ 25 ಮೀಟರ್ ಅಲ್ಲಿಗೇ ಹೋಯಿತು. ಲಾರಿ ನಿಲ್ಲಲು ಇನ್ನೂ ಅಷ್ಟಾದರೂ ದೂರ ಬೇಕು. ಡಿಮ್ ಬೆಳಕಿನಲ್ಲಿ ಕಪ್ಪು ಅಂಗಿ ತೊಟ್ಟವನು ಕಣ್ಣಿಗೆ ಬೀಳುವುದು ಮೂವತ್ತು, ನಲವತ್ತು ಮೀಟರ್ ಹತ್ತಿರ ಬಂದ ಮೇಲೆ. ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ.

ಹಿಂಬದಿಯ ಕೆಲಸ

ಕೆಂಪು ದೀಪವನ್ನು ಸೀಟಿನ ಕೆಳಗೆ ಕಟ್ಟಿಸಬೇಡಿ. ಕ್ಯಾರಿಯರ್ ಮೇಲೆ ಒಂದು ಚೀಲ ಕೂತರೆ, ಚಳಿಗೆ ಹೊದ್ದ ಶಾಲು ಹಿಂದಕ್ಕೆ ಇಳಿಬಿದ್ದರೆ, ದೀಪ ಉರಿಯುತ್ತಿದ್ದರೂ ಯಾರಿಗೂ ಕಾಣುವುದಿಲ್ಲ. ಕ್ಯಾರಿಯರ್‌ನ ಹಿಂತುದಿಗೋ ಮಡ್‌ಗಾರ್ಡಿಗೋ ಕೂರಿಸಿ. ಹಳೆಯ ಡೈನಮೋ ಇದ್ದವರು ಅದೊಂದನ್ನೇ ನಂಬಬಾರದು. ಚಕ್ರ ನಿಂತರೆ ದೀಪವೂ ಆರುತ್ತದೆ. ಬಲಕ್ಕೆ ತಿರುಗಲು ರಸ್ತೆ ನಡುವೆ ಕಾದು ನಿಂತಾಗಲೇ ದೀಪ ಬೇಕಾಗಿರುವುದು.

ದೀಪದ ಜೊತೆಗೆ ರೇಡಿಯಂ ಪಟ್ಟಿ ಹಚ್ಚಿಸಿ. ಇದಕ್ಕೆ ಬ್ಯಾಟರಿ ಬೇಡ, ಕಳ್ಳರ ಭಯವೂ ಇಲ್ಲ. ಆದರೆ ಗಾಡಿಗಳ ಮೇಲೆ ಹೆಸರು ಬರೆಯಲು ಕತ್ತರಿಸಿ ಕೊಡುವ ಪಟ್ಟಿಗಳೆಲ್ಲ ಹೊಳೆಯುವುದಿಲ್ಲ. ಕೆಲವು ಬರೀ ಬಣ್ಣದ ಪ್ಲಾಸ್ಟಿಕ್. ಅಂಗಡಿಯಲ್ಲೇ ಪರೀಕ್ಷಿಸಿ: ಪಟ್ಟಿಯನ್ನು ನೆರಳಿನಲ್ಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿಯಿರಿ, ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಅದರ ಮೇಲೆ ಬಿಡಿ. ನಿಜವಾದ ಪಟ್ಟಿಯಾದರೆ ಬೆಳಕು ಬಂದ ದಿಕ್ಕಿಗೇ ಮರಳಿ ಕಣ್ಣಿಗೆ ಹೊಡೆಯುತ್ತದೆ. ಟಾರ್ಚನ್ನು ಸೊಂಟದ ಬಳಿ ಹಿಡಿದರೆ ಈ ಪರೀಕ್ಷೆ ಕೆಲಸಕ್ಕೆ ಬಾರದು.

ಪಟ್ಟಿಯನ್ನು ಮಡ್‌ಗಾರ್ಡಿಗೆ ಹಚ್ಚಿ, ಪೆಡಲ್‌ಗಳ ಅಂಚಿಗೆ ತಪ್ಪದೇ ಹಚ್ಚಿ. ಮೇಲೆ ಕೆಳಗೆ ಆಡುವ ಎರಡು ಹೊಳಪನ್ನು ಕಂಡ ಕೂಡಲೇ ಚಾಲಕನಿಗೆ ಇದು ಸೈಕಲ್, ಮೇಲೊಬ್ಬ ಮನುಷ್ಯನಿದ್ದಾನೆ ಎಂದು ಹೊಳೆಯುತ್ತದೆ. ಅಡ್ಡರಸ್ತೆಯಿಂದ ಬರುವವರಿಗಾಗಿ ಕಡ್ಡಿಗಳ ನಡುವೆ ಒಂದೊಂದು ರಿಫ್ಲೆಕ್ಟರ್ ಸಾಕು. ಗಿಳಿಹಸಿರು ಜಾಕೆಟ್ ಕೊಂಡು ನಿಶ್ಚಿಂತರಾಗುವವರಿದ್ದಾರೆ. ಆ ಬಣ್ಣ ಕಣ್ಣು ಕುಕ್ಕುವುದು ಹಗಲಿನ ಬಿಸಿಲಿಗೆ. ರಾತ್ರಿ ಕೆಲಸ ಮಾಡುವುದು ಅದರ ಮೇಲಿನ ಬೆಳ್ಳಿ ಪಟ್ಟಿ ಮಾತ್ರ. ಆ ಪಟ್ಟಿಯಿಲ್ಲದ ಜಾಕೆಟ್ ಕೊಳ್ಳುವ ಬದಲು ಮನೆಯಲ್ಲಿರುವ ಬಿಳಿ ಅಂಗಿಯೇ ಸಾಕು.

ಮುಂದಿನ ದೀಪ

ಬಿಳಿ ದೀಪವನ್ನು ಐದಾರು ಮೀಟರ್ ಮುಂದಿನ ನೆಲಕ್ಕೆ ಬೀಳುವಂತೆ ಬಗ್ಗಿಸಿ. ನೇರ ಹಿಡಿದರೆ ಎದುರಿನವನ ಕಣ್ಣು ಕತ್ತಲಾಗುತ್ತದೆ, ನಿಮಗೆ ಗುಂಡಿಯೂ ಕಾಣುವುದಿಲ್ಲ. ದೀಪದ ಬದಲು ಮೊಬೈಲನ್ನು ಕೈಯಲ್ಲಿ ಹಿಡಿದು ಒಂದೇ ಕೈಯಲ್ಲಿ ಬ್ರೇಕ್ ಹಾಕುವುದು ಬೇಡ.

ರಸ್ತೆಗಿಳಿದ ಮೇಲೆ

ಎಡಕ್ಕೇ ಇರಿ, ಆದರೆ ಡಾಂಬರಿನ ಅಂಚಿಗೆ ಅಂಟಿಕೊಳ್ಳಬೇಡಿ. ಅರ್ಧ ಮೀಟರಿನಷ್ಟು ಒಳಗಿರಿ. ಅಂಚಿನಾಚೆ ಮಣ್ಣು ಕುಸಿದಿದ್ದರೆ ಚಕ್ರ ಕೆಳಗಿಳಿದು ಮತ್ತೆ ಮೇಲೇರುವಾಗಲೇ ಬೀಳುವುದು. ವಾಹನ ಕಾಣಲಿ ಎಂದು ಬಲಬದಿಯಲ್ಲಿ ಎದುರಾಗಿ ಹೋಗುವವರ ಲೆಕ್ಕ ತಪ್ಪು. ನಿಮ್ಮ 15, ಲಾರಿಯ 60 ಸೇರಿ 75ರ ವೇಗದಲ್ಲಿ ಹತ್ತಿರವಾಗುತ್ತೀರಿ. ಎಡದಲ್ಲಿದ್ದರೆ ಅದು 45.

ಎದುರಿನಿಂದ ಹೈಬೀಮ್ ಬಂದರೆ ದೀಪವನ್ನು ದಿಟ್ಟಿಸದೆ ರಸ್ತೆಯ ಎಡ ಅಂಚನ್ನು ನೋಡುತ್ತ ನಿಧಾನಿಸಿ. ವಾಹನ ದಾಟಿದ ಮೇಲೆಯೂ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಆ ಕ್ಷಣಗಳಲ್ಲಿ ವೇಗ ಹೆಚ್ಚಿಸಬೇಡಿ. ಪೆಟ್ರೋಲ್ ಪಂಪಿನ ಬೆಳಕಿನಿಂದ ಹೊರಬಂದಾಗಲೂ ಇದೇ ಕಥೆ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು.

ನಮ್ಮ ಭಾಗದ ಕಾಟ ಇನ್ನೊಂದಿದೆ. ಕಬ್ಬು ಕಡಿಯುವ ಕಾಲದಲ್ಲಿ ಅಫಜಲಪುರ, ಆಳಂದ ರಸ್ತೆಗಳಲ್ಲಿ ಹಿಂದೀಪವಿಲ್ಲದ ಟ್ರಾಲಿಗಳು ಕೆಟ್ಟು ನಿಂತಿರುತ್ತವೆ, ಹೊರಚಾಚಿದ ಕಬ್ಬು ಸರಿಯಾಗಿ ಮುಖದ ಎತ್ತರಕ್ಕಿರುತ್ತದೆ. ಟ್ರ್ಯಾಕ್ಟರ್ ಹೋದ ಮೇಲೆ ಚಕ್ರಕ್ಕೆ ಒಡ್ಡಿದ ಕಲ್ಲು ಅಲ್ಲೇ ಬಿದ್ದಿರುತ್ತದೆ. ರಾಶಿಯ ಕಾಲದಲ್ಲಿ ರಸ್ತೆಯ ಮೇಲೆಯೇ ಒಕ್ಕಣೆ ನಡೆದ ಜಾಗದಲ್ಲೂ ಹೀಗೆಯೇ: ಜಾರುವ ಹೊಟ್ಟು, ಸುತ್ತಲೂ ಸಾಲುಗಲ್ಲು. ಇಂಥ ಕಡೆ ಇಳಿದು ತಳ್ಳಿಕೊಂಡು ಹೋಗಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಎರೆಮಣ್ಣು ಡಾಂಬರಿಗೆ ಸಾಬೂನು ಸವರಿದಂತೆ ಮಾಡುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಚಕ್ರ ಕಚ್ಚಿಕೊಂಡರೆ ಕೆರೆಯಲು ಒಂದು ಕಡ್ಡಿ ಕ್ಯಾರಿಯರ್‌ಗೆ ಸಿಕ್ಕಿಸಿಕೊಂಡಿರಿ.

ರಿಂಗ್ ರಸ್ತೆಯ ವೃತ್ತಗಳಲ್ಲಿ ಬಲಕ್ಕೆ ತಿರುಗಬೇಕಾದರೆ ನಾಚಿಕೆ ಬಿಟ್ಟು ಇಳಿದು, ನಡೆದು ದಾಟಿ. ಬಿದ್ದವರನ್ನು ಕಂಡರೆ 108ಕ್ಕೆ ಕರೆ ಮಾಡಿ. ನೆರವಾದವರು ಹೆಸರು ಹೇಳಲೇಬೇಕೆಂಬ ನಿಯಮವಿಲ್ಲ.

ಇನ್ನು ನಾಯಿಗಳು. ಜೋರಾಗಿ ತುಳಿದರೆ ಅವೂ ಜೋರಾಗಿ ಓಡುತ್ತವೆ, ನೀವು ನೋಡುವುದು ಹಿಂದಕ್ಕೆ, ಬೀಳುವುದು ಮುಂದಕ್ಕೆ. ಇಳಿದು ಸೈಕಲ್ಲನ್ನು ನಿಮಗೂ ಅವಕ್ಕೂ ನಡುವೆ ಇಟ್ಟುಕೊಂಡು ನಿಧಾನವಾಗಿ ನಡೆಯಿರಿ. ಹೆಚ್ಚಿನವು ತಮ್ಮ ಓಣಿಯ ತುದಿಯವರೆಗಷ್ಟೇ ಬರುತ್ತವೆ.